ಸ್ವಭಕ್ಷಣ: ಒಂದು ಶೋಧದ ಕಥೆ

ಕಳೆದ ಆಷಾಢದ ಏಕಾದಶಿಯ ದಿನ ನಮ್ಮ ಮನೆಯಲ್ಲಿ ಸ್ವಲ್ಪ ಗಾಬರಿಯ ಪ್ರಸಂಗವೊಂದು ನಡೆಯಿತು. ನನ್ನ ಸೋದರತ್ತೆಗೆ ಎಪ್ಪತ್ತನಾಲ್ಕು ವರ್ಷ. ಬಹುಕಾಲದಿಂದ ಸಕ್ಕರೆ ಕಾಯಿಲೆ. ಡಾಕ್ಟರು ಕಟ್ಟಪ್ಪಣೆ ಮಾಡಿದ ಮೇಲೆ ಅವರು ಏಕಾದಶಿಯ ನಿರಾಹಾರವನ್ನು ಬಿಟ್ಟು, ಹಾಲು, ಹಣ್ಣು, ಒಂದಿಷ್ಟು ಅವಲಕ್ಕಿ ಎಂದು ಫಲಾಹಾರಕ್ಕೆ ಒಪ್ಪಿಕೊಂಡಿದ್ದರು. ಈ ಸಲ ಮಾತ್ರ ಬೆಳಗಿನ ಮಾತ್ರೆಯನ್ನು ನುಂಗಿ, ತೀರ್ಥವೊಂದನ್ನು ಬಿಟ್ಟು ಇನ್ನೇನನ್ನೂ ಬಾಯಿಗೆ ಹಾಕದೆ ಕುಳಿತುಬಿಟ್ಟರು. ಹನ್ನೊಂದು ಗಂಟೆಯ ವೇಳೆಗೆ ಕೈ ನಡುಗತೊಡಗಿತು, ಮೈ ಬೆವೆತಿತು, ಮಾತು ತೊದಲಿತು. ಎದುರುಮನೆಯ ಹುಡುಗಿ ನರ್ಸಿಂಗ್ ಓದುತ್ತಿದ್ದಾಳೆ. ಅವಳು ಓಡಿಬಂದು ಸಕ್ಕರೆ ನೀರು ಕುಡಿಸಿದ್ದರಿಂದ ಕಾಲುಗಂಟೆಯಲ್ಲಿ ಚೇತರಿಸಿಕೊಂಡರು.

ಸಂಜೆ ನಾನು ಕಾಲೇಜಿನಿಂದ ಬಂದು, "ಹೀಗೇಕೆ ಮಾಡಿದಿರಿ, ಅತ್ತೆ?" ಎಂದು ಕೇಳಿದೆ. ಅವರು ಮಾತನಾಡದೆ ತಮ್ಮ ಮೊಬೈಲ್ ಫೋನನ್ನು ನನ್ನ ಕೈಗಿತ್ತರು. ಅದರಲ್ಲಿ ಯಾರೋ ಕಳುಹಿಸಿದ ಒಂದು ಬರಹ. ಜಪಾನಿನ ವಿಜ್ಞಾನಿಯೊಬ್ಬ ಏಕಾದಶಿಯ ಉಪವಾಸದ ಮಹಿಮೆಯನ್ನು ಪ್ರಯೋಗದಿಂದ ಸಿದ್ಧಪಡಿಸಿ ನೊಬೆಲ್ ಬಹುಮಾನ ಗಳಿಸಿದನಂತೆ. ಉಪವಾಸವಿದ್ದರೆ ದೇಹವು ತನ್ನೊಳಗಿನ ರೋಗಗಳನ್ನೆಲ್ಲ ತಾನೇ ತಿಂದುಹಾಕುತ್ತದಂತೆ.

"ನೊಬೆಲ್ ಕೊಡೋರು ಸುಳ್ಳು ಹೇಳ್ತಾರೇನೋ? ನೀನು ಮೇಷ್ಟ್ರು, ನೀನೇ ಹೇಳು" ಎಂದರು ಅತ್ತೆ.

ನನಗೆ ಹೇಳಲು ತಿಳಿಯಲಿಲ್ಲ. ಹಳಗನ್ನಡದ ಒಂದು ಪದ್ಯವನ್ನು ಕೊಟ್ಟಿದ್ದರೆ ಅನ್ವಯ ಹೇಳುತ್ತಿದ್ದೆ. ಜೀವಕೋಶದ ವಿಷಯದಲ್ಲಿ ನಾನೂ ಅತ್ತೆಯೂ ಒಂದೇ ತರಗತಿಯವರು. ಆದರೂ ಆ ದಿನದ ಗಾಬರಿ ಮನಸ್ಸಿನಿಂದ ಹೋಗಲಿಲ್ಲ. ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರನ್ನು ಕಾಡಿ ಬೇಡಿ ಪುಸ್ತಕಗಳನ್ನು ತಂದು ಎರಡು ತಿಂಗಳು ಓದಿದೆ. ತಿಳಿಯದ ಕಡೆ ಅವರಿಂದ ಪಾಠ ಹೇಳಿಸಿಕೊಂಡೆ. ಜಪಾನಿನ ವಿಜ್ಞಾನಿ ನಿಜ; ನೊಬೆಲ್ ಬಹುಮಾನವೂ ನಿಜ. ಆದರೆ ಅವರಿಗೆ ಆ ಬಹುಮಾನ ಬಂದ ಕಥೆ ಬೇರೆ. ಅದು ಅರ್ಧ ಶತಮಾನಕ್ಕೂ ಮೀರಿದ ಕಥೆ. ಅತ್ತೆಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು, ದೇಹವೆಂಬುದು ಏನು ಎಂಬ ಪ್ರಶ್ನೆ. ಕಳೆದ ಶತಮಾನದ ಆದಿಭಾಗದಲ್ಲಿ ಪಂಡಿತರು ದೇಹವನ್ನು ಒಂದು ಯಂತ್ರವೆಂದು ಭಾವಿಸಿದ್ದರು. ರೈಲಿನ ಎಂಜಿನ್ನಿಗೆ ಕಲ್ಲಿದ್ದಲು ಹೇಗೋ ದೇಹಕ್ಕೆ ಅನ್ನ ಹಾಗೆ. ಉರಿದು ಶಕ್ತಿ ಕೊಟ್ಟು ಹೊರಟುಹೋಗುತ್ತದೆ. ಎಂಜಿನ್ನು ಮಾತ್ರ ಹಾಗೆಯೇ ನಿಂತಿರುತ್ತದೆ, ಅಲ್ಲಿ ಇಲ್ಲಿ ಸವೆದದ್ದಕ್ಕೆ ಒಂದಿಷ್ಟು ತೇಪೆ ಬೀಳುತ್ತದೆ ಎಂದು ತಿಳಿದಿದ್ದರು. ಈ ಭಾವನೆಯನ್ನು ಬುಡಮೇಲು ಮಾಡಿದವರು ರುಡಾಲ್ಫ್ ಶೋನ್‌ಹೈಮರ್. ಬರ್ಲಿನ್ನಿನಲ್ಲಿ ಹುಟ್ಟಿದ ಯೆಹೂದಿ. 1933ರಲ್ಲಿ ಹಿಟ್ಲರನ ಆಡಳಿತ ಬಂದಾಗ ಜರ್ಮನಿಯನ್ನು ಬಿಟ್ಟು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಅವರೂ ಅವರ ಸಹೋದ್ಯೋಗಿ ರಿಟೆನ್‌ಬರ್ಗರೂ ಸಾಮಾನ್ಯ ಸಾರಜನಕಕ್ಕಿಂತ ಸ್ವಲ್ಪ ತೂಕವಾದ ಸಾರಜನಕವನ್ನು ಗುರುತಿಗಾಗಿ ಸೇರಿಸಿದ ಆಹಾರವನ್ನು ಇಲಿಗಳಿಗೆ ತಿನ್ನಿಸಿದರು. ಹಳೆಯ ಸಿದ್ಧಾಂತ ಸರಿಯಾಗಿದ್ದರೆ ಆ ಗುರುತಿನ ಸಾರಜನಕವು ಬಹುಮಟ್ಟಿಗೆ ಹೊರಕ್ಕೆ ಹೋಗಬೇಕಾಗಿತ್ತು. ಹೋಗಲಿಲ್ಲ. ಇಲಿಯ ತೂಕ ಒಂದಿಷ್ಟೂ ಹೆಚ್ಚಿರಲಿಲ್ಲ. ಆದರೂ ಗುರುತಿನ ಸಾರಜನಕದ ದೊಡ್ಡ ಪಾಲು ದೇಹದ ಪ್ರೋಟೀನುಗಳಲ್ಲಿ ಸೇರಿಕೊಂಡು ಕುಳಿತಿತ್ತು. ಎಂದರೆ ಹಳೆಯದು ಒಡೆದುಹೋಗಿ ಆ ಜಾಗಕ್ಕೆ ಹೊಸದು ಬಂದಿತ್ತು.

ಇದನ್ನು ಓದಿದಾಗ ನನಗೆ ನನ್ನ ಕಸುಬಿನ ಸಂಗತಿಯೊಂದು ನೆನಪಾಯಿತು. ಪಂಪನು ತನ್ನ ಕೈಯಾರೆ ಬರೆದ ಒಂದು ಗರಿಯೂ ಇಂದು ಉಳಿದಿಲ್ಲ. ಓಲೆ ಮುರಿಯುತ್ತದೆ, ಹುಳು ತಿನ್ನುತ್ತದೆ. ಪ್ರತಿಕಾರರು ತಲೆಮಾರು ತಲೆಮಾರಿಗೂ ಹೊಸ ಗರಿಗೆ ಎತ್ತಿ ಬರೆದುದರಿಂದಲೇ ಸಾವಿರ ವರ್ಷಗಳ ಮೇಲೂ ಅವನ ಕಾವ್ಯ ನಮ್ಮ ಕೈಯಲ್ಲಿದೆ. ದೇಹವೂ ಅಂಥದೇ. ನಾವು ದಿನಕ್ಕೆ ಸುಮಾರು 70 ಗ್ರಾಂ ಪ್ರೋಟೀನನ್ನು ಉಣ್ಣುತ್ತೇವೆ. ದೇಹವು ದಿನಕ್ಕೆ ಕಟ್ಟುವ ಪ್ರೋಟೀನಾದರೋ 200ರಿಂದ 300 ಗ್ರಾಂ. ಮಿಕ್ಕ ಸಾಮಗ್ರಿ ಎಲ್ಲಿಂದ ಬರಬೇಕು? ಹಳೆಯದನ್ನು ಒಡೆದೇ ಬರಬೇಕು. ಶೋನ್‌ಹೈಮರ್ 1941ರಲ್ಲಿ ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡರು. ಈ ವಿಚಾರವನ್ನು ನಿರೂಪಿಸಿದ ಅವರ ಪುಸ್ತಕ ಮರುವರ್ಷ ಪ್ರಕಟವಾಯಿತು.

ಒಡೆಯುವ ಕೆಲಸ ನಡೆಯುತ್ತಿದೆ ಎಂದೇನೋ ತಿಳಿಯಿತು. ಆದರೆ ಕೋಶದೊಳಗೆ ಎಲ್ಲಿ? ಇದಕ್ಕೆ ಉತ್ತರ ಬೆಲ್ಜಿಯಂ ದೇಶದಲ್ಲಿ ಆಕಸ್ಮಿಕವಾಗಿ ದೊರಕಿತು. ಲೂವೇನ್ ವಿಶ್ವವಿದ್ಯಾನಿಲಯದಲ್ಲಿ ಕ್ರಿಸ್ಟಿಯನ್ ದ ದೂವ್ ಎಂಬ ವೈದ್ಯ ವಿಜ್ಞಾನಿ ಇನ್ಸುಲಿನ್ ಯಕೃತ್ತಿನ ಮೇಲೆ ಹೇಗೆ ಕೆಲಸಮಾಡುತ್ತದೆ ಎಂಬುದನ್ನು ಶೋಧಿಸುತ್ತಿದ್ದರು. 1949ರ ಡಿಸೆಂಬರಿನಲ್ಲಿ ಇಲಿಯ ಯಕೃತ್ತನ್ನು ಅರೆದು ಒಂದು ಕಿಣ್ವದ ಶಕ್ತಿಯನ್ನು ಅಳೆದಾಗ ಅದು ಇರಬೇಕಾದುದರಲ್ಲಿ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಕಂಡಿತು. ಲೆಕ್ಕ ತಪ್ಪಿತೇನೋ ಎಂದು ಆ ಪಾತ್ರೆಗಳನ್ನು ಶೀತಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದರು. ಕೆಲವು ದಿನಗಳ ಮೇಲೆ ಮತ್ತೆ ಅಳೆದರೆ ಕಿಣ್ವ ಪೂರ್ಣಪ್ರಮಾಣದಲ್ಲಿದೆ! ಇನ್ನೊಬ್ಬರಾಗಿದ್ದರೆ ಕೆಟ್ಟ ಪ್ರಯೋಗವೆಂದು ಮೋರಿಗೆ ಚೆಲ್ಲಿ ಇನ್ಸುಲಿನ್ನಿಗೆ ಮರಳುತ್ತಿದ್ದರು. ದ ದೂವ್ ಇನ್ಸುಲಿನ್ನನ್ನೇ ಬದಿಗಿಟ್ಟು ಈ ಒಗಟಿನ ಹಿಂದೆ ಹೋದರು. ಕಿಣ್ವವು ತೆಳುವಾದ ಪೊರೆಯ ಚೀಲವೊಂದರಲ್ಲಿ ಬಚ್ಚಿಟ್ಟುಕೊಂಡಿದೆ. ಚೀಲ ಹಳತಾಗಿ ಸೋರಿದಾಗ ಹೊರಕ್ಕೆ ಬರುತ್ತದೆ ಎಂಬುದನ್ನು ಕಂಡುಕೊಂಡರು. ಆ ಚೀಲದೊಳಗೆ ಅಂಥ ಕಿಣ್ವಗಳು ಅನೇಕ. ಎಲ್ಲವೂ ಹುಳಿಯಲ್ಲಿ ಕೆಲಸಮಾಡುವಂಥವು, ಎಲ್ಲವೂ ಒಂದಲ್ಲ ಒಂದು ಪದಾರ್ಥವನ್ನು ಕತ್ತರಿಸುವಂಥವು. 1955ರಲ್ಲಿ ಆ ಚೀಲಕ್ಕೆ ಲೈಸೊಸೋಮ್ ಎಂದು ಹೆಸರಿಟ್ಟರು. ಕರಗಿಸುವ ಕಾಯ ಎಂದು ಅರ್ಥ. ಅದೇ ವರ್ಷ ಅಮೆರಿಕದ ಅಲೆಕ್ಸ್ ನೊವಿಕಾಫ್ ಲೂವೇನಿಗೆ ಬಂದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಚಿತ್ರಗಳನ್ನು ತೆಗೆದರು. ರಾಜಕೀಯ ವಿಚಾರಣೆಯಲ್ಲಿ ಉತ್ತರ ಹೇಳಲು ಒಪ್ಪದೆ 1953ರಲ್ಲಿ ವರ್ಮಾಂಟ್ ವಿಶ್ವವಿದ್ಯಾನಿಲಯದ ಕೆಲಸವನ್ನು ಕಳೆದುಕೊಂಡಿದ್ದವರು ಇವರೇ.

ಆ ದಿನಗಳಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಹೊಸತು. ಅದರಲ್ಲಿ ಕಣ್ಣಿಟ್ಟವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ಈ ಚೀಲಗಳಲ್ಲಿ ಕೆಲವದರೊಳಗೆ ಕೋಶದ್ದೇ ಆದ ಅಂಗಗಳು, ಮೈಟೊಕಾಂಡ್ರಿಯಗಳ ತುಂಡುಗಳು, ಅರೆ ಜೀರ್ಣವಾಗಿ ಬಿದ್ದಿರುತ್ತಿದ್ದವು. 1963ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಲೈಸೊಸೋಮುಗಳನ್ನು ಕುರಿತು ನಡೆದ ಗೋಷ್ಠಿಯಲ್ಲಿ ದ ದೂವ್ ಈ ಕ್ರಿಯೆಗೆ ಆಟೋಫಜಿ ಎಂಬ ಪದವನ್ನು ಬಳಸಿದರು. ಗ್ರೀಕ್ ಭಾಷೆಯಲ್ಲಿ ಆಟೋ ಎಂದರೆ ತಾನು, ಫಾಗೈನ್ ಎಂದರೆ ತಿನ್ನು. ಸಂಸ್ಕೃತದಿಂದ ಪದ ಕಟ್ಟುವ ನಮ್ಮ ಪದ್ಧತಿಯಂತೆ ಹೇಳುವುದಾದರೆ ಸ್ವಭಕ್ಷಣ. ಕೋಶವು ಹೊರಗಿನ ವಸ್ತುವನ್ನು ಒಳಕ್ಕೆ ನುಂಗುವುದಕ್ಕೂ ಒಳಗಿನದನ್ನು ಹೊರಕ್ಕೆ ಚೆಲ್ಲುವುದಕ್ಕೂ ಇಂದು ಎಲ್ಲ ಪಠ್ಯಪುಸ್ತಕಗಳಲ್ಲಿ ಇರುವ ಎಂಡೊಸೈಟೋಸಿಸ್, ಎಕ್ಸೊಸೈಟೋಸಿಸ್ ಎಂಬ ಜೋಡಿ ಹೆಸರುಗಳನ್ನು ಕೊಟ್ಟವರೂ ಇವರೇ. ಸರಿಯಾದ ಹೆಸರು ಬಿದ್ದರೆ ಕಾಣದ ವಸ್ತು ಅರ್ಧ ಕಂಡಂತೆ ಎಂದು ಭಾಷೆಯ ಮೇಷ್ಟರಾದ ನಮಗೆ ಗೊತ್ತು. ಆದರೆ ಅರ್ಧವೇ. ಹೆಸರು ಬಂದ ಮೇಲೂ ಸುಮಾರು ಇಪ್ಪತ್ತೈದು ವರ್ಷ ಸ್ವಭಕ್ಷಣದ ವಿಷಯದಲ್ಲಿ ಚಿತ್ರಗಳು ಸೇರಿದವೇ ಹೊರತು ಅದನ್ನು ನಡೆಸುವ ಯಂತ್ರಾಂಗ ಯಾವುದೆಂದು ಯಾರಿಗೂ ತಿಳಿಯಲಿಲ್ಲ.

ಅದನ್ನು ತಿಳಿಯುವ ಉಪಾಯ ಪಕ್ಕದ ಇನ್ನೊಂದು ಶೋಧದಲ್ಲಿ ಸಿದ್ಧವಾಗುತ್ತಿತ್ತು. ಅದು ಕೋಶದೊಳಗಿನ ಸಾಗಾಣಿಕೆಯ ಕಥೆ. ಇಟಲಿಯ ಪಾವಿಯಾ ನಗರದಲ್ಲಿ ಕಾಮಿಲ್ಲೊ ಗಾಲ್ಜಿ 1898ರಲ್ಲಿ ನರಕೋಶಗಳಿಗೆ ಬಣ್ಣ ಹಿಡಿಸುತ್ತಿದ್ದಾಗ ಒಳಗೆ ಬಲೆಯಂಥ ರಚನೆಯೊಂದನ್ನು ಕಂಡರು. ಅದು ಬಣ್ಣ ಮಾಡಿದ ಮೋಸ, ವಾಸ್ತವವಾಗಿ ಅಂಥದೇನೂ ಇಲ್ಲ ಎಂದು ಅನೇಕರು ವಾದಿಸಿದರು. ಆ ವಾದ ಮುಗಿದದ್ದು 1950ರ ದಶಕದಲ್ಲಿ, ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ರುಮೇನಿಯಾದಿಂದ ನ್ಯೂಯಾರ್ಕಿಗೆ ಬಂದಿದ್ದ ಜಾರ್ಜ್ ಪಲಾಡೆ, ಕೋಶದಲ್ಲಿ ತಯಾರಾದ ಪ್ರೋಟೀನು ಗಾಲ್ಜಿಯ ಬಲೆಯನ್ನು ಹಾದು, ಸಣ್ಣ ಸಂಚಿಗಳಲ್ಲಿ ಕುಳಿತು ಹೊರಕ್ಕೆ ಹೋಗುತ್ತದೆ ಎಂಬ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಿದರು. 1974ರ ನೊಬೆಲ್ ಬಹುಮಾನ ಪಲಾಡೆಗೂ ದ ದೂವ್‌ಗೂ ಅವರಿಬ್ಬರಿಗಿಂತ ಹಿರಿಯರಾದ ಆಲ್ಬರ್ಟ್ ಕ್ಲಾಡ್‌ಗೂ ಒಟ್ಟಿಗೆ ಬಂದಿತು.

ದಾರಿ ತಿಳಿಯಿತು, ಗಾಡಿ ಹೊಡೆಯುವವರು ಯಾರು? ಇದನ್ನು ಕೇಳಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ರ‍್ಯಾಂಡಿ ಶೆಕ್‌ಮನ್. ಅವರು ಆರಿಸಿಕೊಂಡದ್ದು ಮನುಷ್ಯನ ಕೋಶವನ್ನಲ್ಲ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟನ್ನು. ಯೀಸ್ಟು ಒಂದೇ ಕೋಶದ ಜೀವಿ, ಬೇಗ ಬೆಳೆಯುತ್ತದೆ, ಅದರ ಜೀನುಗಳನ್ನು ಕೆಡಿಸಿ ನೋಡುವುದು ಸುಲಭ. ಶೆಕ್‌ಮನ್ನರೂ ಅವರ ಶಿಷ್ಯ ಪೀಟರ್ ನೊವಿಕ್ಕರೂ ಬಳಸಿದ ಉಪಾಯ ಸೊಗಸಾದದ್ದು. ಹೊರಕ್ಕೆ ಸಾಗಿಸಬೇಕಾದ ಸರಕನ್ನು ಸಾಗಿಸಲಾರದ ಕೋಶವು ಒಳಗೇ ಅದನ್ನು ತುಂಬಿಕೊಂಡು ಗಟ್ಟಿಯಾಗುತ್ತದೆ. ಅಂಥ ಕೋಶಗಳು ತಕ್ಕ ದ್ರವದಲ್ಲಿ ಮಿಕ್ಕವಕ್ಕಿಂತ ಕೆಳಕ್ಕೆ ಇಳಿಯುತ್ತವೆ. ಕೆಳಕ್ಕೆ ಇಳಿದವನ್ನು ಆರಿಸಿ, ಕೆಟ್ಟ ಜೀನು ಯಾವುದೆಂದು ನೋಡಿದರಾಯಿತು. ಹೀಗೆ 1979ರಲ್ಲಿ ಮೊದಲ ಜೀನು, 1980ರಲ್ಲಿ ಒಟ್ಟು 23 ಜೀನುಗಳು ಗೊತ್ತಾದವು. ಯೀಸ್ಟಿನಲ್ಲಿ ಕಂಡ ಈ ಜೀನುಗಳಲ್ಲಿ ಬಹುಪಾಲು ಮನುಷ್ಯನಲ್ಲಿಯೂ ಇವೆಯೆಂದು ಬರಬರುತ್ತ ತಿಳಿಯಿತು. 2013ರ ನೊಬೆಲ್ ಬಹುಮಾನವನ್ನು ಶೆಕ್‌ಮನ್, ಜೇಮ್ಸ್ ರಾಥ್‌ಮನ್, ಥಾಮಸ್ ಸೂಡಾಫ್ ಈ ಮೂವರು ಹಂಚಿಕೊಂಡರು.

ಇನ್ನು ಜಪಾನಿನ ಮಾತು. ಯೋಷಿನೊರಿ ಓಸುಮಿ 1945ರ ಫೆಬ್ರವರಿಯಲ್ಲಿ, ಯುದ್ಧದ ಕೊನೆಯ ವರ್ಷದಲ್ಲಿ, ಫುಕುಒಕದಲ್ಲಿ ಹುಟ್ಟಿದವರು. ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅಲ್ಲಿ ಯೀಸ್ಟಿನ ಪರಿಚಯ ಮಾಡಿಕೊಂಡು ಟೋಕಿಯೋವಿಗೆ ಹಿಂದಿರುಗಿದರು. ಹತ್ತು ವರ್ಷಕ್ಕೂ ಮಿಕ್ಕು ಇನ್ನೊಬ್ಬರ ಪ್ರಯೋಗಶಾಲೆಯಲ್ಲಿಯೇ ಕೆಲಸ. ಸ್ವಂತದ ಒಂದು ಸಣ್ಣ ಪ್ರಯೋಗಶಾಲೆ ಸಿಕ್ಕಿದ್ದು 1988ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ. ನಲವತ್ತು ದಾಟಿದ ಅಧ್ಯಾಪಕನಾದ ನಾನು ಈ ಸಾಲನ್ನು ಎರಡು ಸಲ ಓದಿದೆನೆಂದು ಒಪ್ಪಿಕೊಳ್ಳುತ್ತೇನೆ.

ಓಸುಮಿಯವರಿಗೆ ಹತ್ತು ಜನ ಓಡುತ್ತಿರುವ ಪಂದ್ಯದಲ್ಲಿ ತಾವೂ ಓಡುವುದು ಹಿಡಿಸುತ್ತಿರಲಿಲ್ಲ. ಯಾರೂ ನೋಡದ ವಸ್ತುವನ್ನು ಆರಿಸಿಕೊಂಡರು. ಯೀಸ್ಟಿನ ಕೋಶದಲ್ಲಿ ವ್ಯಾಕ್ಯೂಓಲು ಎಂಬ ದೊಡ್ಡ ಚೀಲವೊಂದಿದೆ. ನಮ್ಮ ಪಠ್ಯಪುಸ್ತಕಗಳು ಅದನ್ನು ರಸದಾನಿ ಎನ್ನುತ್ತವೆ. ಅದನ್ನು ಬಹುಮಂದಿ ಕಸದ ತೊಟ್ಟಿ ಎಂದು ಎಣಿಸಿದ್ದರು. ಆದರೆ ಅದರೊಳಗೆ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಹೇರಳವಾಗಿದ್ದವು. ಪ್ರಾಣಿಕೋಶದ ಲೈಸೊಸೋಮ್ ಮಾಡುವ ಕೆಲಸವನ್ನು ಯೀಸ್ಟಿನಲ್ಲಿ ಈ ತೊಟ್ಟಿಯೇ ಮಾಡುತ್ತಿರಬಹುದೇ? ಮಾಡುತ್ತಿದ್ದರೆ ಅಲ್ಲಿಗೆ ಏನು ಬಂದು ಬೀಳುತ್ತದೆ? ಯೀಸ್ಟಿನ ಕೋಶ ಎಷ್ಟು ಸಣ್ಣದೆಂದರೆ ಆ ಸೂಕ್ಷ್ಮಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದೇ ಕಷ್ಟ. ಕಂಡರೂ ಬಿದ್ದದ್ದು ಆ ಕ್ಷಣವೇ ಕರಗಿಹೋಗುತ್ತದೆ.

ಅವರು ಹೀಗೆ ಯೋಚಿಸಿದರು. ಸಾರಜನಕ ಸಿಕ್ಕದೆ ಉಪವಾಸ ಬಿದ್ದ ಯೀಸ್ಟು ತನ್ನ ರೂಪವನ್ನೇ ಬದಲಿಸಿಕೊಂಡು ಬೀಜಕಗಳನ್ನು ಕಟ್ಟುತ್ತದೆ. ಹೊಸ ರೂಪಕ್ಕೆ ಹೊಸ ಪ್ರೋಟೀನು ಬೇಕು. ಹೊರಗಿನಿಂದ ಬರುವಂತಿಲ್ಲವಾದ್ದರಿಂದ ಹಳೆಯದನ್ನು ಒಡೆಯಲೇಬೇಕು. ಆದಕಾರಣ ತೊಟ್ಟಿಯಲ್ಲಿ ಕತ್ತರಿಸುವ ಕಿಣ್ವಗಳೇ ಇಲ್ಲದ ಯೀಸ್ಟನ್ನು ತೆಗೆದುಕೊಂಡು ಉಪವಾಸ ಕೆಡವಿದರೆ, ಒಳಕ್ಕೆ ಬಂದದ್ದು ಕರಗದೆ ರಾಶಿ ಬೀಳಬೇಕು. ರಾಶಿ ಬಿದ್ದರೆ ಕಣ್ಣಿಗೆ ಕಾಣಬೇಕು.

ಕಂಡಿತು. ಕೆಲವೇ ಗಂಟೆಗಳಲ್ಲಿ ತೊಟ್ಟಿಯ ತುಂಬ ಸಣ್ಣ ಸಣ್ಣ ಗುಂಡುಗಳು ತುಂಬಿಕೊಂಡು ಎಡೆಬಿಡದೆ ಕುಣಿಯತೊಡಗಿದವು. ಇದಕ್ಕೆ ಬೇಕಾದದ್ದು ಒಂದು ಸಾಮಾನ್ಯ ಸೂಕ್ಷ್ಮದರ್ಶಕ, ಒಂದು ಒಳ್ಳೆಯ ಪ್ರಶ್ನೆ, ಗಂಟೆಗಟ್ಟಲೆ ನೋಡುವ ಸಹನೆ. ಜಪಾನ್ ಮಹಿಳಾ ವಿಶ್ವವಿದ್ಯಾನಿಲಯದ ಮಿಸುಜು ಬಾಬಾ ಅವರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳಿಂದ ವಿವರ ಸ್ಪಷ್ಟವಾಯಿತು. ಕೋಶರಸದಲ್ಲಿ ಮೊದಲು ಬಾಲಚಂದ್ರನಂತೆ ಬಾಗಿದ ಒಂದು ಪೊರೆ ಹುಟ್ಟುತ್ತದೆ. ಅದು ಬೆಳೆಯುತ್ತ ಬೆಳೆಯುತ್ತ ಕೋಶದ ಒಂದಂಶವನ್ನು ಸುತ್ತುವರಿದು ಬಾಯಿ ಮುಚ್ಚಿಕೊಂಡು ಎರಡು ಗೋಡೆಯ ಚೀಲವಾಗುತ್ತದೆ. ಆ ಚೀಲ ತೊಟ್ಟಿಯವರೆಗೆ ಸಾಗಿ, ಹೊರಗೋಡೆಯನ್ನು ತೊಟ್ಟಿಯ ಪೊರೆಯೊಡನೆ ಬೆಸೆದು, ಒಳಗಿನ ಗುಂಡನ್ನು ಒಳಕ್ಕೆ ಬೀಳಿಸುತ್ತದೆ. ಕತ್ತರಿಸುವ ಕಿಣ್ವಗಳಿದ್ದರೆ ಅದು ಅಮೈನೊ ಆಮ್ಲಗಳಾಗಿ ಕರಗಿ ಮತ್ತೆ ಕೋಶದ ಉಪಯೋಗಕ್ಕೆ ಬರುತ್ತದೆ. ಈ ವರದಿ 1992ರಲ್ಲಿ ಪ್ರಕಟವಾಯಿತು. ಮರುವರ್ಷ ಓಸುಮಿಯವರು, ಮಿಕಿ ತ್ಸುಕಾದಾ ಎಂಬ ವಿದ್ಯಾರ್ಥಿನಿಯೊಡನೆ, ಶೆಕ್‌ಮನ್ನರಂತೆಯೇ ಯೀಸ್ಟಿನ ಜೀನುಗಳನ್ನು ಕೆಡಿಸಿ, ಗುಂಡುಗಳು ಮೂಡದ ಕೋಶಗಳನ್ನು ಸಾವಿರಾರರಲ್ಲಿ ಹುಡುಕಿ, ಸ್ವಭಕ್ಷಣಕ್ಕೆ ಅವಶ್ಯವಾದ 15 ಜೀನುಗಳ ಪಟ್ಟಿಯನ್ನು ಕೊಟ್ಟರು. ಜರ್ಮನಿಯಲ್ಲಿ ಮೈಕೆಲ್ ಥುಮ್, ಅಮೆರಿಕದಲ್ಲಿ ಡೇನಿಯಲ್ ಕ್ಲಿಯಾನ್ಸ್ಕಿ ಬೇರೆಬೇರೆ ದಾರಿಗಳಿಂದ ಬಂದು ಅವೇ ಜೀನುಗಳನ್ನು ಮುಟ್ಟಿದರು. ಒಂದೊಂದು ಜೀನಿಗೂ ಎರಡು ಮೂರು ಹೆಸರು ಬಿದ್ದು ಗೊಂದಲವಾದಾಗ, 2003ರಲ್ಲಿ ಎಲ್ಲರೂ ಸೇರಿ ಒಂದೇ ಹೆಸರಿನ ಪದ್ಧತಿಯನ್ನು ಒಪ್ಪಿಕೊಂಡರು.

ಸಾಗಾಣಿಕೆಯ ಕಥೆಯೂ ಸ್ವಭಕ್ಷಣದ ಕಥೆಯೂ ಇಲ್ಲಿ ಕೂಡಿಕೊಂಡವು. ಬಾಲಚಂದ್ರನಂಥ ಪೊರೆ ಬೆಳೆಯಬೇಕಾದರೆ ಶೆಕ್‌ಮನ್ ಕಂಡ ಸಾಗಾಣಿಕೆಯ ಜೀನುಗಳಲ್ಲಿ ಕೆಲವು ಬೇಕೇ ಬೇಕು ಎಂದು ತಿಳಿಯಿತು. ಕಟ್ಟುವುದಕ್ಕೆ ಸಾಮಾನು ತರುವ ಬಂಡಿಗಳೂ ಒಡೆಯುವುದಕ್ಕೆ ಸಾಮಾನು ಒಯ್ಯುವ ಬಂಡಿಗಳೂ ಒಂದೇ ಕೊಟ್ಟಿಗೆಯ ನೆರವನ್ನು ಪಡೆಯುತ್ತವೆ. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಕೋಶದಲ್ಲಿ ಒಡೆಯುವ ದಾರಿ ಇದೊಂದೇ ಅಲ್ಲ. ಕೆಟ್ಟ ಪ್ರೋಟೀನುಗಳಿಗೆ ಒಂದೊಂದಕ್ಕೂ ಚೀಟಿ ಅಂಟಿಸಿ ಒಡೆಯುವ ಬೇರೊಂದು ಏರ್ಪಾಡು ಇದೆ. ಅದನ್ನು ಕಂಡವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂದಿದೆ. ಇಡೀ ಅಂಗಗಳನ್ನೂ ದೊಡ್ಡ ಗಂಟುಗಳನ್ನೂ ವಿಲೇವಾರಿ ಮಾಡುವುದಕ್ಕೆ ಸ್ವಭಕ್ಷಣ.

ಯೀಸ್ಟಿನ ಈ ಜೀನುಗಳು ಪ್ರಾಣಿಗಳಲ್ಲಿಯೂ ಇವೆಯೆಂದು ಓಸುಮಿಯವರ ಶಿಷ್ಯರೂ ಇತರರೂ ತೋರಿಸುತ್ತ ಬಂದರು. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನ ಮನಸ್ಸನ್ನು ಬಹಳ ತಟ್ಟಿತು. ಸ್ವಭಕ್ಷಣದ ಒಂದು ಜೀನನ್ನು ತೆಗೆದುಹಾಕಿದ ಇಲಿಮರಿಗಳು ಹುಟ್ಟುವಾಗ ನೋಡುವುದಕ್ಕೆ ಸರಿಯಾಗಿಯೇ ಇದ್ದವು. ಒಂದು ದಿನದೊಳಗಾಗಿ ಸತ್ತವು. ತಾಯಿಯ ಗರ್ಭದಲ್ಲಿರುವಷ್ಟು ದಿನ ಹೊಕ್ಕುಳ ಬಳ್ಳಿಯ ಮೂಲಕ ಪೋಷಣೆ ತಪ್ಪದೆ ಬರುತ್ತಿರುತ್ತದೆ. ಬಳ್ಳಿ ಹರಿದ ಕ್ಷಣದಿಂದ ಮೊದಲ ಹಾಲು ಮೈಗೆ ಹತ್ತುವವರೆಗಿನ ಆ ಹೊತ್ತಿನಲ್ಲಿ ಮರಿಗೆ ಹೊರಗಿನಿಂದ ಏನೂ ಇಲ್ಲ. ಆಗ ಅದರ ಕೋಶಗಳು ತಮ್ಮನ್ನೇ ಒಂದಿಷ್ಟು ಒಡೆದುಕೊಂಡು ಆ ಹೊತ್ತನ್ನು ದಾಟಿಸುತ್ತವೆ. ಆ ಶಕ್ತಿಯಿಲ್ಲದ ಮರಿ ದಾಟಲಾರದು.

2006ರಲ್ಲಿ ಎರಡು ತಂಡಗಳು ಇಲಿಯ ನರಕೋಶಗಳಲ್ಲಿ ಮಾತ್ರ ಸ್ವಭಕ್ಷಣವನ್ನು ನಿಲ್ಲಿಸಿ ನೋಡಿದವು. ಆ ಇಲಿಗಳು ಉಪವಾಸ ಬಿದ್ದಿರಲಿಲ್ಲ. ಹೊಟ್ಟೆ ತುಂಬ ತಿನ್ನುತ್ತಿದ್ದವು. ಆದರೂ ಅವುಗಳ ನರಕೋಶಗಳಲ್ಲಿ ಕೆಟ್ಟ ಪ್ರೋಟೀನಿನ ಗಂಟುಗಳು ಸೇರಿಕೊಂಡು, ಕೋಶಗಳು ನಾಶವಾಗಿ, ನಡಿಗೆ ತಪ್ಪಿತು. ಇದರಿಂದ ಸ್ಪಷ್ಟವಾದ ಸಂಗತಿಯೆಂದರೆ, ಸ್ವಭಕ್ಷಣ ಕೇವಲ ಬರಗಾಲದ ಉಪಾಯವಲ್ಲ. ಮನೆಯನ್ನು ದಿನವೂ ಗುಡಿಸುವಂತೆ, ಉಂಡ ದಿನವೂ ಉಣ್ಣದ ದಿನವೂ, ಅದು ಮಂದಗತಿಯಲ್ಲಿ ನಡೆಯುತ್ತಲೇ ಇರುತ್ತದೆ. ಪಾರ್ಕಿನ್‌ಸನ್ ಮುಂತಾದ ಮುಪ್ಪಿನ ರೋಗಗಳ ವಿಚಾರ ಮಾಡುವವರು ಇದರ ಕಡೆ ತಿರುಗಿದ್ದು ಈ ಕಾರಣದಿಂದ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಸ್ವಭಕ್ಷಣದ ಶೋಧ ನಡೆದಿದೆ. ಅಲ್ಲಿಯ ಸಂಶೋಧಕರು ಇದೇ ಯೀಸ್ಟಿನ ನೆರವಿನಿಂದ, ಸ್ವಭಕ್ಷಣವನ್ನು ಏರಿಳಿಸುವ ಸಣ್ಣ ಅಣುಗಳನ್ನು ಹುಡುಕಿ ಇಲಿಗಳಲ್ಲಿ ಪರೀಕ್ಷಿಸಿದ್ದಾರೆ. ಇಲಿಗೂ ಮನುಷ್ಯನಿಗೂ ನಡುವೆ ಇರುವ ದಾರಿ ದೂರ, ಅವಸರಪಡಬಾರದು.

2016ರ ಅಕ್ಟೋಬರ್ 3ರಂದು ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಓಸುಮಿಯವರೊಬ್ಬರಿಗೇ ಘೋಷಿತವಾಯಿತು. ಆಗ ಅವರಿಗೆ ಎಪ್ಪತ್ತೊಂದು ವರ್ಷ. ದ ದೂವ್ ಅದನ್ನು ನೋಡಲು ಉಳಿದಿರಲಿಲ್ಲ. 2013ರ ಮೇ ತಿಂಗಳಿನಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ಆ ದೇಶದ ಕಾನೂನು ಒಪ್ಪುವ ರೀತಿಯಲ್ಲಿ ವೈದ್ಯರ ನೆರವಿನಿಂದ ತಮ್ಮ ಜೀವನವನ್ನು ತಾವೇ ಮುಗಿಸಿಕೊಂಡಿದ್ದರು. ಓಸುಮಿಯವರು 2017ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ತತ್‌ಕ್ಷಣದ ಪ್ರಯೋಜನವನ್ನು ಕೇಳದೆ ನಡೆಯುವ ಮೂಲ ಸಂಶೋಧನೆಗೆ ನೆರವಾಗುವುದು ಅದರ ಉದ್ದೇಶ. ಯೀಸ್ಟಿನ ಕಸದ ತೊಟ್ಟಿಯಿಂದ ಯಾರಿಗೇನು ಲಾಭ ಎಂದು 1988ರಲ್ಲಿ ಯಾರಾದರೂ ಕೇಳಿದ್ದರೆ ಅವರ ಬಳಿ ಉತ್ತರವಿರುತ್ತಿರಲಿಲ್ಲ. ಹಳಗನ್ನಡವನ್ನು ಓದಿ ಏನು ಸಿಕ್ಕುತ್ತದೆ ಎಂದು ವರ್ಷಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುವ ನನ್ನಂಥವನಿಗೆ ಇದು ಸಣ್ಣ ಸಮಾಧಾನವಲ್ಲ.

ಇಷ್ಟನ್ನೂ ಅತ್ತೆಗೆ ಹಲವು ಸಂಜೆಗಳಲ್ಲಿ ಹೇಳಿದೆ. ಕೊನೆಗೆ ಏಕಾದಶಿಯ ಮಾತಿಗೆ ಬಂದೆ. ಉಪವಾಸ ಬಿದ್ದ ಯೀಸ್ಟಿನಲ್ಲಿಯೂ ಇಲಿಯಲ್ಲಿಯೂ ಸ್ವಭಕ್ಷಣ ಹೆಚ್ಚುತ್ತದೆ ಎಂಬುದು ಸತ್ಯ. ಅಷ್ಟರಮಟ್ಟಿಗೆ ಆ ಸಂದೇಶ ಸುಳ್ಳಲ್ಲ. ಆದರೆ ಓಸುಮಿಯವರು ಮನುಷ್ಯರನ್ನು ಉಪವಾಸ ಕೂರಿಸಿ ಪರೀಕ್ಷಿಸಲಿಲ್ಲ. ಬಹುಮಾನ ಬಂದದ್ದು ಸ್ವಭಕ್ಷಣ ನಡೆಯುವ ಕ್ರಮವನ್ನು ತೋರಿಸಿದ್ದಕ್ಕೆ. ಇಷ್ಟು ಗಂಟೆ ಅನ್ನ ಬಿಟ್ಟರೆ ಇಂಥ ರೋಗ ವಾಸಿ ಎಂಬ ಲೆಕ್ಕ ಆ ಕೃತಿಯಲ್ಲಿ ಎಲ್ಲಿಯೂ ಇಲ್ಲ. ಅದಲ್ಲದೆ ಕೋಶವು ತನ್ನನ್ನು ತಾನು ತಿನ್ನುವಾಗ ರೋಗವನ್ನೇ ಆರಿಸಿ ತಿನ್ನುವುದೆಂಬ ಭರವಸೆಯೂ ಇಲ್ಲ. ಬೆಳೆದು ನಿಂತ ಕ್ಯಾನ್ಸರಿನ ಕೋಶವೂ ಕಷ್ಟಕಾಲದಲ್ಲಿ ಇದೇ ಉಪಾಯದಿಂದ ಬದುಕಿಕೊಳ್ಳಬಲ್ಲದು ಎಂದು ಕಂಡಿದ್ದಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಾದರೋ, ಉಣ್ಣದೆ ಮಾತ್ರೆಯನ್ನಷ್ಟೇ ನುಂಗಿದರೆ ರಕ್ತದ ಸಕ್ಕರೆ ಒಮ್ಮೆಗೇ ಕುಸಿದು ಪ್ರಾಣಕ್ಕೆ ಬರಬಹುದು. ಅಂಥವರು ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಕೂಡದು.

ನಾನು ಏಕಾದಶಿಯನ್ನು ಹಗುರ ಮಾಡಲು ಈ ಮಾತನ್ನು ಆಡುತ್ತಿಲ್ಲ. ನಮ್ಮ ಅಜ್ಜಿ ಯಾವ ಬಹುಮಾನದ ಆಧಾರವೂ ಇಲ್ಲದೆ ತಮ್ಮ ಆಯುಷ್ಯವೆಲ್ಲ ಅದನ್ನು ನಡೆಸಿದರು. ಅವರಿಗೆ ಅದು ದೇವರೊಡನೆ ಇದ್ದ ಮಾತು; ಸ್ವೀಡನ್ನಿನ ಸಾಕ್ಷಿ ಅದಕ್ಕೆ ಬೇಕಾಗಿರಲಿಲ್ಲ. ವ್ರತಕ್ಕೆ ವಿಜ್ಞಾನದ ಮುದ್ರೆ ಒತ್ತಿಸಲು ಹೊರಟರೆ ವ್ರತವೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ. ನಡುವೆ ಎಪ್ಪತ್ತನಾಲ್ಕು ವರ್ಷದ ಮುದುಕಿಯೊಬ್ಬಳ ಕೈ ನಡುಗುತ್ತದೆ. ಶೋನ್‌ಹೈಮರ್, ದ ದೂವ್, ಶೆಕ್‌ಮನ್, ಬಾಬಾ, ತ್ಸುಕಾದಾ ಇವರೆಲ್ಲರ ಅರವತ್ತು ಎಪ್ಪತ್ತು ವರ್ಷಗಳ ದುಡಿಮೆ ಆ ನಾಲ್ಕು ಸಾಲಿನ ಸಂದೇಶದಲ್ಲಿ ಮಾಯವಾಗಿಬಿಟ್ಟಿತು ಎಂಬುದು ನನ್ನ ಇನ್ನೊಂದು ದುಃಖ.

ಅತ್ತೆ ಎಲ್ಲವನ್ನೂ ಕೇಳಿದರು. ವಾದ ಮಾಡಲಿಲ್ಲ, ಒಪ್ಪಿದೆನೆಂದೂ ಹೇಳಲಿಲ್ಲ. ಮುಂದಿನ ಏಕಾದಶಿಯ ಬೆಳಗ್ಗೆ ಅಡುಗೆಮನೆಯಲ್ಲಿ ಹಾಲು ಕಾಯಿಸುವ ಸದ್ದು ಕೇಳಿ ನಾನು ಹೋಗಿ ನೋಡಿದೆ. ಒಂದು ಲೋಟ ಹಾಲು, ಎರಡು ಬಾಳೆಯಹಣ್ಣು ತೆಗೆದುಕೊಂಡು ಮಣೆಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು, "ಅಲ್ಲವೋ, ಆ ಇಲಿಮರಿಗಳಿಗೆ ಹುಟ್ಟಿದ ತಕ್ಷಣ ಯಾರಾದರೂ ಹಾಲು ಕುಡಿಸಿದ್ದರೆ ಬದುಕುತ್ತಿದ್ದವೇನೋ?" ಎಂದು ಕೇಳಿದರು.

ಕುಡಿಸಿ ನೋಡಿದ್ದಾರೆ, ಅತ್ತೆ, ಎಂದೆ. ಸ್ವಲ್ಪ ಹೊತ್ತು ಹೆಚ್ಚಾಗಿ ಬದುಕಿದವು, ಉಳಿಯಲಿಲ್ಲ.

"ಪಾಪ" ಎಂದು ಅವರು ಲೋಟವನ್ನು ಎತ್ತಿಕೊಂಡರು.